ಅತ್ತೆಯ ದವಡೆ, ಚಿಗವ್ವನ ಹಲ್ಲು

ಎರಡು ತಿಂಗಳು ನಮ್ಮ ಅತ್ತೆ ತಮ್ಮ ತಂಗಿಯ ಹಲ್ಲು ಹಾಕಿಕೊಂಡು ಬದುಕಿದರು. ಔರಾದಿನಲ್ಲಿರುವ ಆ ತಂಗಿಯನ್ನು ನಾವೆಲ್ಲ ಚಿಗವ್ವ ಎನ್ನುತ್ತೇವೆ. ಅವರು ಅತ್ತೆಯ ಹಲ್ಲನ್ನು ಇಟ್ಟುಕೊಂಡು ಸುಖವಾಗಿರುವಂತೆ ತೋರಿಸಿಕೊಂಡರು. ಇದು ಬಯಲಿಗೆ ಬಂದದ್ದು ನನ್ನ ಮಗಳ ಓದಿನಿಂದ. ತಪ್ಪು ಯಾರಿಂದ ಆಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಹೇಳಲು ಈಗಲೂ ಸ್ವಲ್ಪ ನಾಚಿಕೆಯಿದೆ.

ಮಗಳು ನಮ್ಮೂರು ಬೀದರಿನಲ್ಲೇ ಹಲ್ಲಿನ ಡಾಕ್ಟರಿಕೆ ಓದುತ್ತಾಳೆ. ಆ ವರ್ಷ ಅವಳಿಗೆ ಹಲ್ಲು, ದವಡೆ, ತುಟಿ ನೋಡಿ ಮನುಷ್ಯ ಯಾರೆಂದು ಗುರುತಿಸುವ ಪಾಠವಿತ್ತು. ಮುಖ ಗುರುತು ಸಿಗದಂಥ ಅಪಘಾತದಲ್ಲೂ ಹಲ್ಲು ಉಳಿಯುತ್ತದೆಯಂತೆ, ಅದೇ ಸಾಕ್ಷಿ ಹೇಳುತ್ತದೆಯಂತೆ. ಇದನ್ನು ಅವಳು ಊಟದ ಹೊತ್ತಿನಲ್ಲಿ ಹೇಳತೊಡಗಿದಾಗ ಅವರಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, "ಉಣ್ಣೂ ಮುಂದ ಹೆಣದ ಮಾತ ಬ್ಯಾಡವಾ. ತುಟಿದು ಹೇಳು, ಅದು ನಡೀತದ" ಎಂದರು.

ಹಾಗೆಂದದ್ದೇ ತಪ್ಪಾಯಿತು. ಬೆರಳಿನಲ್ಲಿ ಗೆರೆಗಳಿರುವಂತೆ ತುಟಿಯಲ್ಲೂ ಇರುತ್ತವೆ, ಒಬ್ಬರದು ಇನ್ನೊಬ್ಬರಂತೆ ಇರುವುದಿಲ್ಲ ಎಂದು ಹೇಳಿ, ಮರುದಿನ ಬೆಳಿಗ್ಗೆಯೇ ನಮ್ಮಿಬ್ಬರನ್ನೂ ಕಿಟಕಿಯ ಬಳಿ ಕೂಡಿಸಿದಳು. ನನ್ನ ತಮ್ಮನ ಮದುವೆಗೆ ಕೊಂಡು ನಾಲ್ಕೈದು ಸಲವಷ್ಟೇ ಹಚ್ಚಿದ್ದ ಲಿಪ್‌ಸ್ಟಿಕ್ ಕಪಾಟಿನ ಮೂಲೆಯಿಂದ ಹೊರಬಂತು. ನನ್ನ ಯಜಮಾನರಿಗೆ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಅಡತಿ ಅಂಗಡಿ, ರೈತರ ಮಾಲು ಮಾರಿಸಿಕೊಡುವ ದಲಾಲಿ. ಹಮಾಲರು, ಲಾರಿಯವರು, ರೈತರು ಎಲ್ಲರೂ ಅವರಿಗೆ ಸ್ವಲ್ಪ ಹೆದರುತ್ತಾರೆ. ಅಂಥವರು ಮೀಸೆಯನ್ನು ಎರಡು ಬೆರಳಿನಿಂದ ಮೇಲೆತ್ತಿ ಹಿಡಿದುಕೊಂಡು ಕೆಂಪು ತುಟಿಯನ್ನು ಬಿಳಿ ಹಾಳೆಗೆ ಒತ್ತಿದರು.

"ಗಂಜಿನ್ಯಾಗ ಯಾರಿಗೂ ಗೊತ್ತಾಗಬಾರದು" ಎಂದರು.

"ಪಪ್ಪಾ, ಫೋಟೋ ತೆಗದಿಲ್ಲ, ಫಿಕರ್ ಮಾಡಬ್ಯಾಡ್ರಿ."

ಭೂತಗನ್ನಡಿಯಲ್ಲಿ ನೋಡಿದರೆ ಅವರ ತುಟಿಯ ಗೆರೆಗಳು ಬಲೆ ನೇಯ್ದಂತೆ ಒಂದರ ಮೇಲೊಂದು ಹಾದಿದ್ದವು. ನನ್ನವು ಉದ್ದಕ್ಕೆ ನೆಟ್ಟಗೆ ಇಳಿದು ಕೊನೆಗೆ ಕವಲೊಡೆದಿದ್ದವು. ಮಗಳದು ಅಂಚಿನಲ್ಲಿ ನನ್ನಂತೆ, ನಡುವೆ ಅಪ್ಪನಂತೆ. ಅವಳು ಹುಟ್ಟಿದಂದಿನಿಂದ ಮೂಗು ಯಾರದು, ಹಣೆ ಯಾರದು ಎಂದು ಹುಡುಕಿದ್ದೇ ಹುಡುಕಿದ್ದು, ತುಟಿಯ ಗೆರೆ ನೋಡಬೇಕೆಂದು ಹೊಳೆದಿರಲಿಲ್ಲ. ಆ ಹಾಳೆಯನ್ನು ನಾನು ಬಹಳ ಹೊತ್ತು ನೋಡಿದೆ.

"ಇನ್ನ ಆಯಿದು ಬೇಕು" ಎಂದಳು ಮಗಳು. ಆಯಿ ಎಂದರೆ ಅವಳ ಅಜ್ಜಿ, ನನ್ನ ಅತ್ತೆ. "ಮೂರ ತಲಿಮಾರು ಒಂದ ಹಾಳಿ ಮ್ಯಾಲ ಬಂದ್ರ ಮೇಡಮ್ ಖುಷಿ ಆಗ್ತಾರ."

ಅತ್ತೆಯ ತುಟಿ ಯಾವ ವಸ್ತುವಿಗೂ ತಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರಬೇಕಿತ್ತು. ನಮ್ಮ ಮನೆಯಲ್ಲಿ ನೀರನ್ನು ಲೋಟ ಎತ್ತಿಯೇ ಕುಡಿಯಬೇಕು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರುಗಳು ದಿನಾ ಉಗುರು, ಕರವಸ್ತ್ರ, ಹಲ್ಲು ನೋಡುತ್ತಿದ್ದರು, ಆದರೆ ಲೋಟ ಕಚ್ಚಿ ಕುಡಿದರೆ ಏನೂ ಅನ್ನುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಲೋಟಕ್ಕೆ ತುಟಿ ಹಚ್ಚಿ ಕುಡಿದೆ. ಅತ್ತೆ ಏನೂ ಹೇಳಲಿಲ್ಲ. ಮರುದಿನ ಅಂಚು ಸ್ವಲ್ಪ ನೆಗ್ಗಿದ ಒಂದು ಲೋಟವನ್ನು ನನ್ನ ಕೈಗೆ ಕೊಟ್ಟು, "ಇದು ನಿಂದವಾ" ಎಂದರು. ಆರು ತಿಂಗಳು ನಾನು ಅದನ್ನು ಪ್ರೀತಿಯ ಗುರುತೆಂದೇ ತಿಳಿದಿದ್ದೆ. ಅಷ್ಟು ಹೊತ್ತಿಗೆ ನಿಜವಾಗಿಯೂ ಪ್ರೀತಿಯಾಗಿತ್ತು, ಆದ್ದರಿಂದ ಅರ್ಥವಾದಾಗ ನಗು ಬಂತೇ ಹೊರತು ಬೇಜಾರಾಗಲಿಲ್ಲ.

ಅತ್ತೆ ಭಾಲ್ಕಿಯಲ್ಲಿ ನನ್ನ ಮೈದುನನ ಮನೆಯಲ್ಲಿರುತ್ತಾರೆ. ಎರಡು ತಿಂಗಳ ಹಿಂದೆ, ಶ್ರಾವಣ ಕಳೆದ ಮೇಲೆ, ಅವರೂ ಚಿಗವ್ವನೂ ಬೀದರಿಗೆ ಬಂದು ನಮ್ಮಲ್ಲಿ ಹದಿನೈದು ದಿನ ಇದ್ದು ಇಬ್ಬರೂ ಹೊಸ ಹಲ್ಲಿನ ಸೆಟ್ ಮಾಡಿಸಿಕೊಂಡು ಹೋಗಿದ್ದರು. ಒಬ್ಬರೇ ಡಾಕ್ಟರು, ಒಂದೇ ವಾರ. ಅಕ್ಕ ತಂಗಿಯ ದವಡೆ ಒಂದೇ ಅಚ್ಚಿನಲ್ಲಿ ತೆಗೆದಂತಿವೆ ಎಂದು ಡಾಕ್ಟರು ನಕ್ಕಿದ್ದರು. "ಒಗ್ಗೋತನಕಾ ಒಂದೆರಡ ತಿಂಗಳು ತ್ರಾಸ ಆಗ್ತದ, ಬಿಡಬ್ಯಾಡ್ರಿ" ಎಂದೂ ಹೇಳಿದ್ದರು. ಈ ಕೊನೆಯ ಮಾತನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು.

ನಾನೂ ಮಗಳೂ ಒಂದು ಶನಿವಾರ ಭಾಲ್ಕಿಗೆ ಹೋದೆವು. ಬಾಗಿಲಲ್ಲೇ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಅಕ್ಕಾ, ಅತ್ತಿ ಒಂದ ರೊಟ್ಟಿ ಮುರದ ಎಷ್ಟ ದಿನಾತೋ. ಬರೇ ಗಂಜಿ, ಇಲ್ಲಾಂದ್ರ ಹಾಲಾಗ ನೆನಸಿದ್ದು. ಮಾತೂ ಬಿಟ್ಟಾರ. ಮೊನ್ನಿ ತಮ್ಮ ಗಂಗಾಳ ಜಂಗಮರಿಗಿ ಕೊಟ್ಟಬಿಡು ಅಂದ್ರು. ಇನ್ನ ನನಗ ಬಟ್ಟಲಾ ಸಾಕು, ನಂದೇನ ಉಳದಾದ ಅಂದ್ರು."

ಆ ಗಂಗಾಳ ಅವರ ತವರಿನಿಂದ ಬಂದ ಹಿತ್ತಾಳೆಯ ತಟ್ಟೆ. ಅದರಲ್ಲಿ ಅವರು ಎರಡು ಖಡಕ್ ರೊಟ್ಟಿ, ಮೇಲೆ ಹಸಿ ಉಳ್ಳಾಗಡ್ಡಿ ಇಟ್ಟುಕೊಂಡು ಉಣ್ಣುವುದನ್ನು ನೋಡಿದರೆ ಹಸಿವಿಲ್ಲದವರಿಗೂ ಹಸಿವಾಗುತ್ತಿತ್ತು. ಒಳಗೆ ಹೋದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಕುಬಸದ ತೋಳು ಸಡಿಲಾಗಿತ್ತು. ಮೇಲ್ತುಟಿ ಒಳಗೆ ಹೋಗಿ, ಕೆಳತುಟಿ ಒಂದು ಕಡೆಗೆ ಎಳೆದಂತೆ ಕಾಣುತ್ತಿತ್ತು. ಇದನ್ನು ನಾನು ಆಗಲೇ ಗಮನಿಸಿದೆ, ಆದರೆ ವಯಸ್ಸು ಎಂದುಕೊಂಡು ಸುಮ್ಮನಾದೆ.

ಮೊಮ್ಮಗಳನ್ನು ಕಂಡು ಅತ್ತೆಗೆ ಸ್ವಲ್ಪ ಜೀವ ಬಂತು.

"ಆಯಿ, ನಿಮ್ಮ ತುಟಿಗಿ ಜರಾ ಬಣ್ಣ ಹಚ್ಚತೇನಿ, ಹಾಳಿ ಮ್ಯಾಲ ಒತ್ತರಿ. ನನ್ನ ಸಾಲಿ ಕೆಲಸ."

"ಬಣ್ಣಾ? ನಿಮ್ಮಜ್ಜ ಇದ್ದಾಗೇ ಹಚ್ಚಿಲ್ಲ. ಈಗ ಯಾರಿಗಿ ತೋರಸ್ಲಿ?"

"ನಮ್ಮ ಮೇಡಮ್‌ಗ."

"ನಿಮ್ಮ ಮೇಡಮ್‌ಗ ಬ್ಯಾರೆ ಉದ್ಯೋಗ ಇಲ್ಲೇನು? ಮತ್ತ ಅಕ್ಷರ ಬರಿಯೂ ಹಾಳಿಗಿ ಬಾಯಿ ಎಂಜಲಾ ಹಚ್ಚತಾರೇನು? ಡಾಕ್ಟರ್ ಆಗೂ ಹುಡುಗಿ ನೀ."

ಮಗಳು ಸೋಲುವವಳಲ್ಲ. ಬಣ್ಣವೂ ಬೇಡ, ಹಾಳೆಯೂ ಬೇಡ ಎಂದು ಗೂಡಿನಲ್ಲಿದ್ದ ಕೈಗನ್ನಡಿ ತಂದು ಒರೆಸಿದಳು. ಕನ್ನಡಿ ತೊಳೆದರೆ ಎಂಜಲು ಹೋಗುತ್ತದೆ, ಅದಕ್ಕೆ ಮೈಲಿಗೆಯಿಲ್ಲ ಎಂದು ಅತ್ತೆ ಒಪ್ಪಿದರು. ಒತ್ತಿ ತೆಗೆದು, ತಮ್ಮ ಮುಖವನ್ನೇ ನೋಡಿ, "ನನಗ ನಾನೇ ಮುತ್ತ ಕೊಟ್ಟಂಗಾತಲ್ಲ" ಎಂದರು. ಎರಡು ತಿಂಗಳಲ್ಲಿ ಅವರು ಆಡಿದ ಮೊದಲ ಚೇಷ್ಟೆಯ ಮಾತು ಅದೆಂದು ನೆಗೆಣ್ಣಿ ಆಮೇಲೆ ಹೇಳಿದಳು.

ದೀಪದ ಮೇಲೆ ತಟ್ಟೆ ಹಿಡಿದು ಮಸಿ ಕಟ್ಟಿಸಿ, ಹತ್ತಿಯಿಂದ ಮೆಲ್ಲಗೆ ಕನ್ನಡಿಯ ಮೇಲೆ ಮಸಿ ಆಡಿಸಿದಾಗ ಅತ್ತೆಯ ತುಟಿ ಮೂಡಿತು. ಕೆಳತುಟಿ ಪೂರ್ತಿ ಇತ್ತು. ಮೇಲ್ತುಟಿ ಮಾತ್ರ ನಡುವೆ ಮೂಡದೆ ಎರಡು ಅಂಚು ಅಷ್ಟೇ ಬಿದ್ದಿತ್ತು. ಇನ್ನೊಮ್ಮೆ ಒತ್ತಿಸಿದಳು, ಹಾಗೇ ಬಂತು.

"ಆಯಿ, ಸೆಟ್ ಬಾಯಾಗ ಅದರೀ?"

"ಅದನಲ್ಲವಾ. ಮುಂಜಾನಿಂದ ಹಾಕ್ಕೊಂಡೇ ಕುಂತೇನಿ."

"ಹಂಗಾದ್ರ ತುಟಿ ಒಳಗ ಯಾಕ ಹೋಗ್ಯಾದ?"

ಅವಳು ಚೀಲದಿಂದ ಗುಲಾಬಿ ಬಣ್ಣದ ಮೇಣದ ಪಟ್ಟಿ ತೆಗೆದು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಅತ್ತೆಗೆ ಕಚ್ಚಿಸಿದಳು. ಹೊರಗೆ ತೆಗೆದ ಪಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಎಡಗಡೆ ಆಳವಾಗಿ ಕಚ್ಚಿತ್ತು, ಬಲಗಡೆ ಗೆರೆಯೂ ಇಲ್ಲ. ಆಮೇಲೆ ಅವಳು ಸಾವಕಾಶವಾಗಿ ಹೇಳಿದಳು. ಅತ್ತೆಯ ಬಲಗಡೆಯ ಹಲ್ಲು ಮೊದಲು ಹೋದವು. ವರ್ಷಗಟ್ಟಲೆ ಎಡಗಡೆಯೇ ಅಗಿದು ಅವರ ಕೆಳದವಡೆ ಮುಚ್ಚುವಾಗ ಒಂದು ಎಳೆ ಎಡಕ್ಕೆ ಸರಿಯುತ್ತದೆ. ಬೀದರಿನ ಡಾಕ್ಟರು ಅದನ್ನು ನೋಡಿಯೇ ಸೆಟ್ ಕೂಡಿಸಿದ್ದರು. ಆಗ ಮಗಳೂ ಪಕ್ಕದಲ್ಲಿ ನಿಂತು ನೋಡಿದ್ದಳು. ಬಾಯಲ್ಲಿರುವ ಸೆಟ್ಟೋ ನೆಟ್ಟಗಿನ ದವಡೆಗೆ ಮಾಡಿದ್ದು.

"ಆಯಿ, ಇವು ನಿಮ್ಮ ಹಲ್ಲ ಅಲ್ಲ."

ಅತ್ತೆ ನಕ್ಕುಬಿಟ್ಟರು. "ನನ್ನ ಬಾಯಾಗ ಇದ್ದದ್ದ ನಂದಲ್ಲ ಅಂದ್ರ ಯಾರದವಾ?"

ಯಾರದೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು.

ಅಕ್ಕ ತಂಗಿ ಇಬ್ಬರೂ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂಡುವವರು. ಪೂಜೆಯ ಹೊತ್ತಿನಲ್ಲಿ ಬಾಯಲ್ಲಿ ಪರಕೀಯ ವಸ್ತು ಇರಬಾರದೆಂದು ಅತ್ತೆ ನಿಯಮ ಮಾಡಿದರು, ಚಿಗವ್ವ ಅದನ್ನೇ ಹಿಡಿದರು. ಹಲ್ಲು ತೆಗೆದು, ನೀರು ಹಾಕಿದ ಸ್ಟೀಲಿನ ದಬ್ಬಿಗಳಲ್ಲಿಟ್ಟು ಕಿಟಕಿಯ ಕಟ್ಟೆಯ ಮೇಲಿಟ್ಟು ಕೂಡುತ್ತಿದ್ದರು. ಅವರು ಊರಿಗೆ ಹೊರಡುವ ದಿನ ಬೆಳಿಗ್ಗೆ ಆ ನೀರು ನನ್ನ ಕಣ್ಣಿಗೆ ಬಿತ್ತು. ಮೇಲೆ ತೆಳುವಾಗಿ ಜಿಡ್ಡು ಕಟ್ಟಿತ್ತು. ಉಗುರು ನೋಡುವ ಸಿಸ್ಟರುಗಳು ಸಾಕಿದ ಜೀವ ನನ್ನದು, ಸಹಿಸಲಾಗಲಿಲ್ಲ. ಅವರು ಕಣ್ಣು ಮುಚ್ಚಿ ಕೂತಿರುವಾಗಲೇ ಎರಡೂ ದಬ್ಬಿ ಒಯ್ದು, ಹಲ್ಲುಗಳನ್ನು ಒಂದು ತಟ್ಟೆಯಲ್ಲಿಟ್ಟು, ದಬ್ಬಿ ತಿಕ್ಕಿ, ಹಲ್ಲು ಉಪ್ಪುನೀರಲ್ಲಿ ತೊಳೆದು, ಶುದ್ಧ ನೀರು ಹಾಕಿ ವಾಪಸ್ಸಿಟ್ಟೆ. ಯಾವ ದಬ್ಬಿಗೆ ಯಾವ ಹಲ್ಲು ಎಂಬುದನ್ನು ಯೋಚಿಸಿದ್ದೇನೋ ಇಲ್ಲವೋ, ನೆನಪಿಲ್ಲ. ಸೇವೆ ಮಾಡಿದೆನೆಂಬ ಸಂತೋಷ ಮಾತ್ರ ಚೆನ್ನಾಗಿ ನೆನಪಿದೆ.

ಬಾಯಿ ತೆರೆದು ಹೇಳಬೇಕಿತ್ತು. ಎದುರಿಗೆ ಅತ್ತೆಯ ಸಡಿಲಾದ ತೋಳು ಕಾಣುತ್ತಿತ್ತು, ಹೇಳಲಾಗಲಿಲ್ಲ. "ಚಿಗವ್ವಗ ಒಂದ ಫೋನ್ ಮಾಡ್ರಿ, ಅವರದು ಹ್ಯಾಂಗ ಅದ ಕೇಳ್ರಿ" ಎಂದಷ್ಟೇ ಹೇಳಿದೆ.

ಮಗಳು ಸ್ಪೀಕರ್ ಹಾಕಿದಳು.

"ತಂಗಿ, ನಿನ್ನ ಹಲ್ಲ ಹ್ಯಾಂಗ ಅವ?"

"ನಂದೇನು ಅಕ್ಕಾ, ಮೊನ್ನಿ ಕಬ್ಬ ತಿಂದೆ. ನಿಂದು?"

"ನಂದೂ ಬರೋಬ್ಬರಿ ಅವ" ಎಂದು ಅತ್ತೆ ಫೋನು ಇಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, "ಕೇಳಿದ್ರಲ್ಲ. ಆಕಿ ಹಲ್ಲ ಆಕಿ ಬಾಯಾಗ ಛಂದ ಕುಂತಾವ. ಕೆಟ್ಟದ್ದು ನನ್ನ ದವಡಿ. ಸುಮ್ಮ ನನ್ನ ಬಾಯಾಗ ಏನೇನೋ ಹುಡುಕಬ್ಯಾಡ್ರಿ" ಎಂದು ಗೋಡೆಯ ಕಡೆ ಮುಖ ಮಾಡಿದರು. ಆ ಸಂಜೆ ಗಂಜಿಯನ್ನೂ ಅರ್ಧ ಬಿಟ್ಟರು.

ಮಗಳು ಮಾತ್ರ ಒಪ್ಪಲಿಲ್ಲ. ಅಕ್ಕ ತಂಗಿಯ ತುಟಿ ಒಂದರ ಪಕ್ಕ ಒಂದು ಬೇಕೇ ಬೇಕು, ಔರಾದಿಗೆ ಹೋಗೋಣ ಎಂದು ಹಟ ಹಿಡಿದಳು. ತಂಗಿಯನ್ನು ಒಮ್ಮೆ ಕಣ್ಣು ತುಂಬ ನೋಡಿ ಬಂದರಾಯಿತು ಎಂದು ಅತ್ತೆಯೂ ಎದ್ದರು. ಅವರು ಆ ಮಾತು ಹೇಳಿದ ರೀತಿ ನನಗೆ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಡಲೆ ಹೊಲಗಳು ಹಸಿರಾಗಿದ್ದವು. ಅತ್ತೆ ಅವನ್ನೂ ನೋಡದೆ ಕಣ್ಣು ಮುಚ್ಚಿ ಕೂತಿದ್ದರು.

ಚಿಗವ್ವ ನಮ್ಮನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಸ್ವಾಗತ ಮಾಡಿದರು. ನೀರು ಕೊಡುವಾಗಲೂ ಸೆರಗು, ಮಾತಾಡುವಾಗಲೂ ಸೆರಗು. ಅವರ ಗಲ್ಲ ಎರಡೂ ಕಡೆ ಗುಳಿ ಬಿದ್ದಿತ್ತು.

"ಸಣ್ಣಾಯಿ, ಸೆರಗ ತೆಗೀರಿ. ಹಲ್ಲ ತೋರಸ್ರಿ" ಎಂದಳು ಮಗಳು.

"ದಬ್ಬ್ಯಾಗ ಅವ. ಮಂದಿ ಬಂದಾಗ ಹಾಕ್ಕೋತೇನಿ."

"ನಾವ ಮಂದಿ ಅಲ್ಲೇನ್ರಿ?"

"ನೀವ ಹೇಳದ ಕೇಳದ ಬಂದ್ರ ಹ್ಯಾಂಗ?"

ಅತ್ತೆ ಮೆಲ್ಲಗೆ ಕೇಳಿದರು. "ಮತ್ತ ಕಬ್ಬ ತಿಂದೆ ಅಂದಿ?"

"ಕಬ್ಬಿನ ಹಾಲ ಕುಡದಿದ್ದೆ. ಅದೂ ಕಬ್ಬೇ ಅಲ್ಲೇನು?" ಎಂದರು ಚಿಗವ್ವ, ನೆಲ ನೋಡುತ್ತ. "ನಿನಗ ಬರೋಬ್ಬರಿ ಕುಂತಾವ, ನನಗ ಅಷ್ಟೇ ಕುಂದರವಲ್ಲವು ಅಂತ ಹ್ಯಾಂಗ ಹೇಳ್ಲಿ?"

ದಬ್ಬಿ ಬಂತು. ಮಗಳು ಅತ್ತೆಯ ಬಾಯಲ್ಲಿದ್ದುದನ್ನೂ ತೆಗೆಸಿ ಎರಡು ಸೆಟ್ಟನ್ನೂ ಒಂದು ತಟ್ಟೆಯಲ್ಲಿ ಮುಚ್ಚಿದಂತೆ ಇಟ್ಟಳು. ದಬ್ಬಿಯಿಂದ ಬಂದದ್ದರಲ್ಲಿ ಮೇಲಿನ ನಡುಗೆರೆಗೂ ಕೆಳಗಿನ ನಡುಗೆರೆಗೂ ಒಂದು ಎಳೆ ವ್ಯತ್ಯಾಸವಿತ್ತು, ಎಡಕ್ಕೆ. ಇನ್ನೊಂದರಲ್ಲಿ ಎರಡೂ ನೆಟ್ಟಗೆ ಒಂದೇ ಸಾಲು. ನೋಡಿದ ಯಾರಿಗಾದರೂ ತಿಳಿಯುವಂತಿತ್ತು. ಹಲ್ಲಿಲ್ಲದ ಅಕ್ಕ ತಂಗಿ ತಟ್ಟೆಯ ಮೇಲೆ ಬಗ್ಗಿ ನೋಡಿದರು. ಹಾಗೆ ಬಗ್ಗಿದಾಗ ಇಬ್ಬರ ಮುಖವೂ ಒಂದೇ ಆಗಿ ಕಂಡಿತು.

ಮೊದಲು ಬಾಯಿ ತೆರೆದವರು ಅತ್ತೆ. "ಅವತ್ತ ನೀನೇ ಬಸ್ಸಿಗಿ ಅವಸರ ಮಾಡಿ ನನ್ನ ದಬ್ಬಿ ಎತ್ಕೊಂಡಿ."

"ನಾ ಯಾಕ ಎತ್ಕೊಳ್ಲಿ? ನನ್ನ ದಬ್ಬಿ ಮುಚ್ಚಳಕ್ಕ ಗುಂಡಿ ಅದ. ಇದೇ ನೋಡು."

"ದಬ್ಬಿ ನಂದಿಲ್ಲಾಂದ್ರ ಹಲ್ಲ ತೆಗದಿ. ಸಣ್ಣಾಕಿದ್ದಾಗಿಂದ ನನ್ನ ಸಾಮಾನಿನ ಮ್ಯಾಲೇ ನಿನ್ನ ಕಣ್ಣು. ನನ್ನ ಜರಿ ಕುಬಸ ಯಾರು ಒಯ್ದಿದ್ದು?"

"ಅವ್ವ ಕೊಟ್ಟಿದ್ದು ಒಯ್ದೆ. ಅರವತ್ತ ವರ್ಷ ಆದಮ್ಯಾಲ ಕುಬಸ ಕೇಳ್ತೀಯಲ್ಲ ಅಕ್ಕಾ, ಹಲ್ಲಿಲ್ಲದ ಬಾಯಿಲೇ."

ಮೊದಲು ನನಗೆ ನಗು ಬಂದಿತ್ತು. ಆದರೆ ಚಿಗವ್ವನ ಕಣ್ಣಲ್ಲಿ ನೀರಿತ್ತು. "ನಡಿ, ಮನಿಗಿ ಹೋಗೂಣು" ಎಂದು ಅತ್ತೆ ಚಪ್ಪಲಿ ಹುಡುಕತೊಡಗಿದರು. ಹೀಗೆ ಎದ್ದು ಹೋದರೆ ಇಬ್ಬರೂ ಹಟ ಬಿಡುವವರಲ್ಲ. ಹಲ್ಲು ತಟ್ಟೆಯಲ್ಲೇ ಉಳಿಯುತ್ತದೆ, ಅತ್ತೆ ಬಟ್ಟಲ ಗಂಜಿಗೆ ಹಿಂತಿರುಗುತ್ತಾರೆ.

"ಅತ್ತಿ, ಚಿಗವ್ವ ತೆಗದಿಲ್ರಿ" ಎಂದೆ. "ನಾ ಮಾಡಿದ್ದು. ನೀವ ಪೂಜಿಗಿ ಕುಂತಾಗ ದಬ್ಬಿ ತೊಳದೇನಿ. ಹಾಕೂ ಮುಂದ ಅದಲ ಬದಲ ಆತು."

ಮಗಳು ನನ್ನನ್ನೇ ನೋಡುತ್ತಿದ್ದಳು.

"ನಿನಗ ಯಾವಾಗ ಗೊತ್ತಾತು?" ಎಂದರು ಅತ್ತೆ.

"ನಿನ್ನಿ. ಈಕಿ ನಿಮ್ಮ ಹಲ್ಲ ಅಲ್ಲ ಅಂದಾಗೇ."

"ನಿನ್ನಿ ಗೊತ್ತಾಗಿ ಇವತ್ತ ಹೇಳ್ತಿ?"

ಅತ್ತೆ ಚಪ್ಪಲಿ ಬಿಟ್ಟು ಬಂದು ಕೂತರು. ಆದರೆ ಮಗಳು ಅವರ ಸೆಟ್ಟನ್ನು ಕೈಗೆ ಕೊಡಹೋದಾಗ ಮುಖ ತಿರುಗಿಸಿದರು. ಬೇರೊಬ್ಬರ ಬಾಯಲ್ಲಿದ್ದದ್ದು. ಲೋಟದ ಅಂಚನ್ನೇ ತುಟಿಗೆ ತಾಗಿಸದವರು.

"ಎಂಜಲಾ ಅದವಾ ಅದು. ನನ್ನ ಕೈಲೆ ಆಗಂಗಿಲ್ಲ. ಇದ್ದಷ್ಟ ದಿನಾ ಗಂಜಿ ಕುಡೀತೇನಿ."

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕನ ಮುಂದೆ ಬಂದು ಕೂತರು.

"ಅವ್ವ ಹೊಲಕ್ಕ ಹೋದಾಗ ರೊಟ್ಟಿ ನುರಿಸಿ ನುರಿಸಿ ನನ್ನ ಬಾಯಾಗ ಇಟ್ಟಾಕಿ ಯಾರು? ನಿನ್ನ ಬಾಯಿ ಎಂಜಲಾ ತಿಂದೇ ಬೆಳದಾಕಿ ನಾ. ಅವಾಗ ಎಂಜಲಾ ಇರಲಿಲ್ಲೇನು?"

"ಅವಾಗ ನಿನಗ ಹಲ್ಲಿರಲಿಲ್ಲ."

"ಈಗೆಲ್ಲಿ ಅವ?"

ಅತ್ತೆ ತಂಗಿಯ ಬೋಳು ಬಾಯಿ ನೋಡಿದರು. ಮೊದಲು ಅವರ ಭುಜ ಅಲುಗಿತು, ಆಮೇಲೆ ಹೊಟ್ಟೆ. ಇಬ್ಬರೂ ಒಬ್ಬರ ಮೊಣಕಾಲು ಒಬ್ಬರು ಹಿಡಿದು, ಸದ್ದಿಲ್ಲದೆ, ಉಸಿರು ಸಿಗದಷ್ಟು ನಕ್ಕರು. ನಕ್ಕು ಸುಸ್ತಾದ ಮೇಲೆ ಅತ್ತೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ತೊಳಿಯೂ ಹೌಸ ಬಹಳ ಅದಲ್ಲ ನಿನಗ. ಬಿಸಿನೀರಿಲೇ ತೊಳಿ. ಮೂರ ಸಲ ತೊಳಿ."

ಕುದಿಯುವ ನೀರು ಆಗದು, ಉಗುರುಬೆಚ್ಚಗೆ ಇರಲಿ ಎಂದು ಮಗಳು ಹೇಳಿದಳು. ನಾನು ಒಂದೊಂದೇ ಸೆಟ್ಟು ಒಯ್ದು ತೊಳೆದು ಅವರವರ ಕೈಗೇ ಕೊಟ್ಟು ಬಂದೆ. ಮಗಳು ಬಾಗಿಲಲ್ಲಿ ನಿಂತು ಕಾವಲು ಕಾದಳು. ಅತ್ತೆ ಕಣ್ಣು ಮುಚ್ಚಿ, ಔಷಧ ನುಂಗುವಂತೆ, ಬಾಯಿಗೆ ಹಾಕಿಕೊಂಡರು. ದವಡೆ ಒಮ್ಮೆ ಎಡಕ್ಕೆ ಸರಿದು ಟಕ್ಕೆಂದು ಮುಚ್ಚಿತು. ಮೇಲ್ತುಟಿ ಮುಂದೆ ಬಂದು ತನ್ನ ಜಾಗದಲ್ಲಿ ಕೂತಿತು. ನನಗೆ ನನ್ನ ಅತ್ತೆಯ ಮುಖ ಮತ್ತೆ ಸಿಕ್ಕಿತು.

ಊಟಕ್ಕೆ ಚಿಗವ್ವ ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಡಿಸಿದರು. ಅತ್ತೆ ರೊಟ್ಟಿಯ ಒಂದು ಸಣ್ಣ ಚೂರು ಮುರಿದು ಬಾಯಿಗಿಟ್ಟು, ಎಡಗಡೆಗೆ ಒಯ್ದು, ಅಗಿದರು. ನಾವು ಯಾರೂ ಅವರ ಕಡೆ ನೋಡದಂತೆ ನಮ್ಮ ನಮ್ಮ ತಟ್ಟೆ ನೋಡುತ್ತಿದ್ದೆವು. ಎರಡನೇ ಚೂರು ದೊಡ್ಡದಿತ್ತು. ಒಂದೂವರೆ ರೊಟ್ಟಿ ಆದ ಮೇಲೆ, "ಹಿಂಡಿಗಿ ಉಪ್ಪ ಕಡಿಮಿ ಆಗ್ಯಾದ" ಎಂದರು. ಚಿಗವ್ವನಿಗೆ ಬಾಯಿ ತುಂಬ ರೊಟ್ಟಿಯಿದ್ದುದರಿಂದ ಜವಾಬು ಕೊಡಲಾಗಲಿಲ್ಲ.

ಬೀದರಿನ ಡಾಕ್ಟರಿಗೆ ಒಮ್ಮೆ ತೋರಿಸಿಬಿಡೋಣ ಎಂದು ಅತ್ತೆಯನ್ನು ನಮ್ಮೊಟ್ಟಿಗೇ ಕರೆದುಕೊಂಡು ಹೊರಟೆವು. ಬಸ್ಸು ಔರಾದು ಬಿಟ್ಟದ್ದೇ ತಡ, ಅತ್ತೆ ಶುರು ಮಾಡಿದರು. ಹೇಳದೆ ಕೇಳದೆ ಇನ್ನೊಬ್ಬರ ದಬ್ಬಿ ತೆಗೆಯುವುದನ್ನು ಯಾವ ಸಾಲಿಯಲ್ಲಿ ಕಲಿಸುತ್ತಾರೆ. ತೊಳೆದವಳು ಒಂದು ಮಾತು ಹೇಳಬಾರದೇ. ನಿನ್ನೆ ಗೊತ್ತಾದದ್ದನ್ನು ರಾತ್ರಿಯೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ಮಲಗಿದಳು. ಭಾಲ್ಕಿಯ ಸೊಸೆ ಸಾರಿಗೆ ಹುಣಸೆ ಹೆಚ್ಚು ಹಾಕುತ್ತಾಳೆ, ಎರಡು ತಿಂಗಳಿಂದ ಹೇಳಬೇಕೆಂದಿದ್ದರಂತೆ. ನನ್ನ ಯಜಮಾನರು ತೂಕ ಹೆಚ್ಚಿಸಿಕೊಂಡಿದ್ದಾರೆ, ಅದಕ್ಕೂ ನಾನೇ ಕಾರಣ. ಮಗಳು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಸಂತಪುರದಲ್ಲಿ ಬಸ್ಸು ನಿಂತಾಗ ಅತ್ತೆ ಕಿಟಕಿಯಿಂದ ಕೈ ಚಾಚಿ ಹುರಿದ ಶೇಂಗಾದ ಒಂದು ಪೊಟ್ಟಣ ತೆಗೆದುಕೊಂಡರು. ಒಂದು ಕಾಳು ಬಾಯಿಗೆ ಹಾಕಿ ಕಡಿದರು, ಇನ್ನೊಂದು ಹಾಕಿದರು. "ಏನ ಹೇಳ್ಲಾಕತ್ತಿದ್ದೆ?" ಎಂದು ನನ್ನನ್ನು ಕೇಳಿದರು.

"ನನ್ನನ್ನ ಬೈಲಾಕತ್ತಿದ್ರಿ ಅತ್ತಿ."

"ಹಾಂ," ಎಂದು ಪೊಟ್ಟಣವನ್ನು ನನ್ನ ಕಡೆ ಚಾಚಿ ಮುಂದುವರಿಸಿದರು. ಬೀದರಿನ ತನಕ ನಿಲ್ಲಿಸಲಿಲ್ಲ.